ಬೆರಳ ತುದಿಯ ಲೆಕ್ಕ

ಗೋಪಾಳದ ನಮ್ಮ ಅಡ್ಡರಸ್ತೆಯಲ್ಲಿ
ಯಾರ ಮೈಯಲ್ಲಿ ಎಷ್ಟು ಸಿಹಿ ಎಂದು
ಬಲ್ಲವಳು ನಾನೊಬ್ಬಳೇ.
ಬೆಳಗ್ಗೆ ಆರೂವರೆಗೆ ಲ್ಯಾಬಿನ ಬಾಗಿಲು ತೆಗೆದರೆ
ಸಾಲಾಗಿ ಬರುತ್ತವೆ ಉಂಗುರಬೆರಳುಗಳು:
ಡೈರಿಯ ಪುಟ್ಟಪ್ಪನವರದು, ಹಾಲಿನ ವಾಸನೆಯದು,
ಖತೀಜಮ್ಮನದು, ಗೋರಂಟಿ ಮಾಸಿದ್ದು,
ಡ್ರಿಲ್ ಮಾಸ್ತರು ಬೆಂಜಮಿನ್ ಅವರದು.
ಸಾವಿರ ಹುಡುಗರನ್ನು ಬಿಸಿಲಲ್ಲಿ ನಿಲ್ಲಿಸಿದ ಮನುಷ್ಯ
ಸೂಜಿ ಕಂಡರೆ ಗಟ್ಟಿಯಾಗಿ ಕಣ್ಣು ಮುಚ್ಚುತ್ತಾರೆ.
ಸಂಖ್ಯೆ ಬರೆದು ಕೊಡುತ್ತೇನೆ.
ಬಾಯಿ ಬಿಡುವುದಿಲ್ಲ.

ಮೇ ತಿಂಗಳ ಕೊನೆಯ ಭಾನುವಾರ, ಬೀದಿಯವರ ಕೂಟ.
"ಈ ಸಲ ಸಿಹಿ ಯಾರದು?" ಅಂದರು.
"ನನ್ನದು" ಅಂದೆ. ಅಂದು ಕೆಟ್ಟೆ.
ಏನು ಮಾಡಲಿ, ಹೋದ ವರ್ಷದ ಜಹಾಂಗೀರು,
ಮಾರನೇ ಬೆಳಗಿನ ಆ ಸಂಖ್ಯೆಗಳು
ಇನ್ನೂ ಕಣ್ಣಲ್ಲಿವೆ.

ರಸಪುರಿ ಹನ್ನೆರಡು, ಕರ್ಬೂಜ ಎರಡು,
ಪುಟ್ಟಬಾಳೆ ಮೂರು ಚಿಪ್ಪು, ಕಾಯಿ ನಾಲ್ಕು.
ಕರೆಯದೆಯೇ ಬಂದರು ಮಕ್ಕಳು:
ಅಫ್ನಾನ್, ಮೆಲ್ವಿಟಾ, ಚಿರಾಯು, ಅವನ ಬಾಲದಂತಹ ತಂಗಿ.
ಹೊಸ್ತಿಲಾಚೆ ಇನ್ನೊಬ್ಬಳು,
ಬಾಡಿಗೆಗೆ ಬಂದು ಹತ್ತೇ ದಿನವಾದ ಹಂಸಿನಿ,
ಒಳಗೂ ಬಾರದೆ, ಹೊರಗೂ ಹೋಗದೆ.
"ಎಳ್ಳು ಹುರಿಯೋಕೆ ಒಬ್ಬರು ಬೇಕಿತ್ತಲ್ಲ"
ಎಂದು ಗೋಡೆಗೆ ಹೇಳಿದೆ. ಬಂದಳು.

ಚಾಕು ಕೊಡಲಿಲ್ಲ, ಚಮಚದ ಹಿಡಿ ಕೊಟ್ಟೆ.
ಬಾಳೆಹಣ್ಣು ಬಿಲ್ಲೆಬಿಲ್ಲೆಯಾಗಿ ಬಿತ್ತು ಪಾತ್ರೆಗೆ,
ಮೂರು ಚಿಪ್ಪು ಹೇಗೆ ಎರಡಾಯಿತೆಂದು
ಉಬ್ಬಿದ ಕೆನ್ನೆಗಳನ್ನು ನಾನು ಕೇಳಲಿಲ್ಲ.
ಚಿರಾಯು ಅಪ್ಪಿಕೊಂಡು ತಂದ ಅನಾನಸು ಮಾತ್ರ
ಕಾಯಿಹಾಲಿನ ಜೊತೆ ಜಗಳ ಕಾಯುವ ಹಣ್ಣು,
ಅದಕ್ಕೆ ಬೇರೆ ತಟ್ಟೆ, ಉಪ್ಪು, ಒಂಚೂರು ಖಾರದಪುಡಿ.

"ಬೆಲ್ಲ ಹಾಕಲ್ವಾ ಆಂಟಿ?"
"ಇಲ್ಲ."
"ಒಂದೇ ಒಂದು ಅಚ್ಚು?"
"ಮಾವು ತಾನೇ ಹೊತ್ತು ತಂದಿದೆ, ಸಾಕು."
"ಅಂದ್ರೆ ಹಣ್ಣಲ್ಲೂ ಸಕ್ಕರೆ ಇದೆ!" ಅಂದಳು ಮೆಲ್ವಿಟಾ,
ಕಳ್ಳನನ್ನು ಹಿಡಿದವಳ ಹಾಗೆ.
ಇದೆ ಮಗಾ, ಸುಳ್ಳು ಹೇಳಲಾರೆ.
ಅದಕ್ಕೇ ದೊಡ್ಡವರಿಗೆಲ್ಲ ಚಿಕ್ಕ ಬಟ್ಟಲು.
"ನಿಮ್ಮದೆಷ್ಟು ಆಂಟಿ, ನಿಮ್ಮ ನಂಬರು?"
"ಕಾಯಿ ತುರಿ ನೀನು" ಅಂದೆ.

ಮಿಕ್ಸಿಗೆ ತುರಿ ತುಂಬಿ ಗುಂಡಿ ತಿರುಗಿಸಿದ್ದೇ
ಕರೆಂಟು ಹೋಯಿತು.
ನಾಲ್ಕು ಗಂಟೆಯ ಧಗೆ, ಫ್ಯಾನು ನಿಂತ ಮೌನ,
ಐದು ಜೊತೆ ಕಣ್ಣು ನನ್ನ ಮೇಲೆ.
ಹಳೆಯ ಪಂಚೆ ಹರಿದೆ,
ಕುಟ್ಟಿದ ತುರಿಗೆ ಬಿಸಿನೀರು ಚಿಮುಕಿಸಿ
ಗಂಟು ಕಟ್ಟಿ ಕೊಟ್ಟೆ: ಹಿಂಡಿ.
ಹಿಂಡಿದರು. ಮೊದಲು ನಾಲ್ಕು ಹನಿ,
ಆಮೇಲೆ ಮೊಣಕೈವರೆಗೆ ಹರಿಯಿತು ಹಾಲು,
ಪಾತ್ರೆಗಿಂತ ನೆಲಕ್ಕೇ ಹೆಚ್ಚು ಬಿತ್ತೇನೋ.
ಅಫ್ನಾನನ ಅಂಗಿ ತಲೆದಿಂಬಿನಷ್ಟು ಒದ್ದೆ.
ಚಿರಾಯುವಿನ ತಂಗಿ ಕಾಲಲ್ಲಿ ತುಳಿಯಲು ಹೊರಟಿದ್ದಳು,
ಹಿಡಿದು ನಿಲ್ಲಿಸಿದೆವು.

ಏಲಕ್ಕಿ ಬಿತ್ತು. ಎಳ್ಳು ಸಿಡಿದು ಬಿತ್ತು.
ಅಷ್ಟು ಹೊತ್ತೂ ಮಾತಾಡದ ಹಂಸಿನಿ
ಪಾತ್ರೆಯಲ್ಲಿ ಬೆರಳದ್ದಿ
ನನ್ನ ಮುಖದ ಮುಂದೆ ಹಿಡಿದಳು.
"ಸಿಹಿ ಸಾಕಾ, ನೋಡಿ."

ಹದಿನೇಳು ವರ್ಷದಿಂದ ಬೆರಳು ಹಿಡಿದೇ
ಸಿಹಿ ನೋಡುವವಳು ನಾನು.
ಹತ್ತಿ ಒತ್ತಿ, ಮುಖ ನೋಡದೆ, "ನೆಕ್ಸ್ಟ್" ಎನ್ನುವವಳು.
ಯಾವ ಬೆರಳೂ ಹೀಗೆ
ತಾನಾಗಿ ನನ್ನ ತುಟಿಯವರೆಗೆ ಬಂದಿರಲಿಲ್ಲ.

ಸಾಕು ಅಂದೆ. ಸ್ವಲ್ಪ ಹೆಚ್ಚೇ ಆಯಿತು ಅಂದೆ.

ಸಂಜೆ ತಾರಸಿಯ ಮೇಲೆ ಬಟ್ಟಲುಗಳು ಸುತ್ತಿದವು.
ಬೆಂಜಮಿನ್ ಮಾಸ್ತರು ಮೊದಲ ಚಮಚಕ್ಕೆ
ಅಭ್ಯಾಸಬಲ, ಕಣ್ಣು ಮುಚ್ಚಿದರು.
ಆಮೇಲೆ ತೆರೆದರು, ನಿಧಾನವಾಗಿ,
ಚಿಕ್ಕ ಬಟ್ಟಲನ್ನು ಮತ್ತೆ ಚಾಚಿದರು.
ಇಲ್ಲ ಮಾಸ್ತರೇ. ಅನಾನಸು ಒಂದು ಹೋಳು, ಅಷ್ಟೆ.

ಸೋಮವಾರ ಆರು ಇಪ್ಪತ್ತು.
ಇನ್ನೂ ಯಾರೂ ಬಂದಿರಲಿಲ್ಲ.
ಮೂರು ವರ್ಷದ ಮೇಲೆ
ನನ್ನ ಬೆರಳಿಗೇ ಚುಚ್ಚಿಕೊಂಡೆ,
ಉಗುರಿನ ಸಂದಿಯಲ್ಲಿ ಇನ್ನೂ ಏಲಕ್ಕಿ.
ಸಂಖ್ಯೆ ಬರೆದುಕೊಂಡೆ.
ಬಾಯಿ ಬಿಡುವುದಿಲ್ಲ.